14 ತಿಂಗಳ ಬಾಡಿಗೆ: ‘ಎಲ್ ಚಾವೊ’ದಲ್ಲಿ ಒಂದೇ ಹಾಸ್ಯಕ್ಕೆ ಜನ ಮತ್ತೆ ಮತ್ತೆ ನಗುವುದೇಕೆ?

ಪ್ರಶ್ನೆ: ಒಂದೂವರೆ ವರ್ಷದಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ‘ಎಲ್ ಚಾವೊ ದೆಲ್ ಓಚೊ’ ಎಂಬ ಹಳೆಯ ಟೀವಿ ಹಾಸ್ಯ ಕಾರ್ಯಕ್ರಮ ನೋಡಿದರೆ ಭಾಷೆ ಬೇಗ ಹತ್ತುತ್ತದೆ ಎಂದು ಮೆಕ್ಸಿಕೊದ ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ ಇಪ್ಪತ್ತಕ್ಕೂ ಹೆಚ್ಚು ಕಂತುಗಳನ್ನು ನೋಡಿದೆ. ಪ್ರತಿ ಸಲವೂ ಮನೆಯ ಮಾಲೀಕರಿಗೆ ಪೆಟ್ಟು, ರಮೋನ್ ಎಂಬವರಿಗೆ ಕಪಾಳಮೋಕ್ಷ, ಅದೇ 14 ತಿಂಗಳ ಬಾಡಿಗೆ, ಅದೇ ಹೂಗುಚ್ಛ. ಮಾತು ಅರ್ಥವಾಗುತ್ತದೆ, ಆದರೆ ನಗು ಬರುವುದಿಲ್ಲ. ನಾನು ಏನನ್ನು ಗಮನಿಸುತ್ತಿಲ್ಲ? ಚಾವೊ ಎಂಬ ಹುಡುಗ ಸದಾ ಹೇಳುವ ‘ಫುಯೆ ಸಿನ್ ಕೆರೆರ್ ಕೆರಿಯೆಂದೊ’ ಎಂಬ ಮಾತನ್ನು ಕನ್ನಡದಲ್ಲಿ ಹೇಗೆ ಹೇಳಬಹುದು?

ಉತ್ತರ: ನಿಮ್ಮ ಭಾಷಾಜ್ಞಾನದಲ್ಲಿ ಕೊರತೆಯಿಲ್ಲ. ಹೊಸ ನಗೆಹನಿಯೊಂದು ಬರಲಿದೆ ಎಂದು ನೀವು ಕಾಯುತ್ತಿದ್ದೀರಿ. ಆ ಕಾರ್ಯಕ್ರಮದ ಪ್ರೇಕ್ಷಕರು ಕಾಯುವುದು ಹಳೆಯದಕ್ಕೆ. ಹಾಡಿನ ಪಲ್ಲವಿ ಮತ್ತೆ ಬಂದಾಗ ನಾವು ಬೇಸರಪಡದೆ ದನಿಗೂಡಿಸುವಂತೆ, ಈ ಕಾರ್ಯಕ್ರಮದ ಹಾಸ್ಯಗಳೂ ಎದುರುನೋಡುವ ಸುಖದ ಮೇಲೆಯೇ ನಿಂತಿವೆ. ಪಲ್ಲವಿ ಬರುತ್ತದೆಂಬುದು ಖಚಿತ. ಯಾವ ಬಾಗಿಲಿನಿಂದ, ಎಷ್ಟು ತಡವಾಗಿ, ಯಾವ ಸಣ್ಣ ಬದಲಾವಣೆಯೊಂದಿಗೆ ಬರುತ್ತದೆ ಎಂಬುದಷ್ಟೇ ಕುತೂಹಲ. ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವೂ ಇದೆ: ಈ ಹಾಸ್ಯಗಳು ಬದಲಾಗದಿರುವುದಕ್ಕೆ ಅವು ಹುಟ್ಟಿದ ಬದುಕು ಬದಲಾಗದಿರುವುದೇ ಮೂಲ. ಬಾಡಿಗೆ ಕಟ್ಟಲಾಗದು, ಹಸಿವು ತೀರದು, ಪೆಟ್ಟು ಯಾವಾಗಲೂ ಕೆಳಗಿದ್ದವನಿಗೇ ಬೀಳುತ್ತದೆ.

ಮೊದಲು ಸ್ವಲ್ಪ ಹಿನ್ನೆಲೆ. ಇದನ್ನು ಬರೆದು, ಹುಡುಗನ ಪಾತ್ರವನ್ನು ತಾವೇ ಮಾಡಿದ ರೊಬೆರ್ತೊ ಗೊಮೆಸ್ ಬೊಲಾನ್ಯೊಸ್ 1929ರಲ್ಲಿ ಮೆಕ್ಸಿಕೊ ನಗರದಲ್ಲಿ ಹುಟ್ಟಿದರು. ಕುಳ್ಳಗಿದ್ದು ಒಂದೇ ಸಮನೆ ಬರೆಯುತ್ತಿದ್ದ ಅವರನ್ನು ಚಿತ್ರ ನಿರ್ದೇಶಕರೊಬ್ಬರು ‘ಪುಟ್ಟ ಷೇಕ್ಸ್‌ಪಿಯರ್’ ಎಂದು ಕರೆದರು. ಆ ಹೆಸರು ಮೆಕ್ಸಿಕೊದ ಬಾಯಲ್ಲಿ ‘ಚೆಸ್ಪಿರಿತೊ’ ಆಯಿತು. 1970ರ ದಶಕದ ಆರಂಭದಲ್ಲಿ ಅವರ ಕಾರ್ಯಕ್ರಮದೊಳಗಿನ ಒಂದು ಕಿರುಪ್ರಹಸನವಾಗಿ ಮಾತ್ರ ಚಾವೊ ಇದ್ದ. 1973ರಲ್ಲಿ ಅದು ಸ್ವತಂತ್ರ ವಾರದ ಕಾರ್ಯಕ್ರಮವಾಗಿ 1980ರವರೆಗೆ ನಡೆಯಿತು, ಆಮೇಲೆ ‘ಚೆಸ್ಪಿರಿತೊ’ ಎಂಬ ದೊಡ್ಡ ಕಾರ್ಯಕ್ರಮದೊಳಗೆ ಪ್ರಹಸನವಾಗಿ ಮರಳಿತು. ‘ಚಾವೊ’ ಎಂದರೆ ಮೆಕ್ಸಿಕೊದ ಆಡುಮಾತಿನಲ್ಲಿ ಹುಡುಗ, ‘ಓಚೊ’ ಎಂದರೆ ಎಂಟು. ಕಾರ್ಯಕ್ರಮ ಮೊದಲು ಬರುತ್ತಿದ್ದುದು 8ನೆಯ ಚಾನೆಲ್‌ನಲ್ಲಿ. ಎರಡು ಟೀವಿ ಸಂಸ್ಥೆಗಳು 1973ರಲ್ಲಿ ಕೂಡಿ ‘ತೆಲೆವೀಸಾ’ ಆದ ಮೇಲೆ ಚಾನೆಲ್ ಬದಲಾದಾಗ, ಹುಡುಗ 8ನೆಯ ಮನೆಯಲ್ಲಿರುವುದರಿಂದ ಆ ಹೆಸರು ಎಂಬ ವಿವರಣೆ ಬಂತು. ಆ ಮನೆಯ ಒಳಗನ್ನು ಮಾತ್ರ ನಮಗೆ ತೋರಿಸುವುದಿಲ್ಲ. ಅವನ ನಿಜವಾದ ಹೆಸರೂ ತಿಳಿಯುವುದಿಲ್ಲ: ಹೇಳಲು ಬಾಯಿ ತೆರೆದಾಗಲೆಲ್ಲ ಯಾರೋ ನಡುವೆ ಬಂದು ಮಾತು ಕಡಿಯುತ್ತಾರೆ. ಇದೂ ಒಂದು ಪಲ್ಲವಿಯೇ.

ಕಥೆ ನಡೆಯುವ ಜಾಗಕ್ಕೆ ಸ್ಪ್ಯಾನಿಷಿನಲ್ಲಿ ‘ವೆಸಿಂದಾದ್’ ಎಂದು ಹೆಸರು. ಪದಕೋಶಗಳು ಇದಕ್ಕೆ ‘ನೆರೆಹೊರೆ’ ಎನ್ನುತ್ತವೆ, ಆದರೆ ಕನ್ನಡದಲ್ಲಿ ಇದಕ್ಕೆ ಕರಾರುವಾಕ್ಕಾದ ಮಾತಿದೆ: ವಠಾರ. ನಡುವೆ ಅಂಗಳ, ಸುತ್ತ ಬಾಡಿಗೆ ಮನೆಗಳು, ಎಲ್ಲಕ್ಕೂ ಒಬ್ಬರೇ ಮಾಲೀಕರು, ಒಬ್ಬರ ಮನೆಯ ಜಗಳ ಎಲ್ಲರ ಕಿವಿಗೆ. ವಠಾರದಲ್ಲಿ ಬಾಗಿಲು ತೆರೆದರೆ ಅಂಗಳ, ಅಂಗಳಕ್ಕೆ ಬಂದರೆ ಎದುರುಮನೆಯವರ ಮುಖ. ಯಾರೂ ಯಾರನ್ನೂ ತಪ್ಪಿಸಿಕೊಂಡು ಓಡಾಡಲಾಗದು. ಈ ಕಾರ್ಯಕ್ರಮದ ಹಾಸ್ಯಯಂತ್ರ ನಡೆಯುವುದು ಈ ಇಕ್ಕಟ್ಟಿನಿಂದಲೇ. ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ದೃಶ್ಯಗಳನ್ನು ನೋಡಿ.

ಮಾಲೀಕರ ಪ್ರವೇಶ. ಎದ್ಗಾರ್ ವಿವಾರ್ ಮಾಡಿದ ಈ ಪಾತ್ರದ ಪೂರ್ಣ ಹೆಸರು ಸೆನೋನ್ ಬರ್ರೀಗಾ ಇ ಪೆಸಾದೊ. ‘ಬರ್ರೀಗಾ’ ಎಂದರೆ ಹೊಟ್ಟೆ, ‘ಪೆಸಾದೊ’ ಎಂದರೆ ಭಾರ. ಅವರು ಕೋಟು ತೊಟ್ಟು, ಕೈಯಲ್ಲಿ ಚೀಲ ಹಿಡಿದು, ಬಾಡಿಗೆ ವಸೂಲಿಗೆಂದು ಅಂಗಳಕ್ಕೆ ಕಾಲಿಟ್ಟ ಕ್ಷಣವೇ ಚಾವೊ ಆಡುತ್ತಿರುವ ಚೆಂಡೋ, ಪೊರಕೆಯ ಹಿಡಿಯೋ, ನೀರಿನ ಬಕೆಟ್ಟೋ ಅವರಿಗೆ ಬಂದು ಬಡಿಯುತ್ತದೆ. ಅವರ ಬಾಯಿಂದ ಬರುವ ಮಾತು ಒಂದೇ: ‘ತೆನೀಯಾ ಕೆ ಸೆರ್ ಎಲ್ ಚಾವೊ ದೆಲ್ ಓಚೊ!’, ‘ಇವನೇ ಆಗಿರಬೇಕಿತ್ತು, ಎಂಟರ ಚಾವೊ!’ ಎಂದು. ಹುಡುಗ ತಲೆ ತಗ್ಗಿಸಿ ‘ಫುಯೆ ಸಿನ್ ಕೆರೆರ್ ಕೆರಿಯೆಂದೊ’ ಎನ್ನುತ್ತಾನೆ. ನೋಡುವವರ ಕಣ್ಣು ಪೆಟ್ಟಿನ ಮೇಲಿರುವುದಿಲ್ಲ. ಪೆಟ್ಟು ಹೇಗಿದ್ದರೂ ಬೀಳುತ್ತದೆ. ಅವರು ನೋಡುವುದು ದಾರಿಯನ್ನು. ಒಮ್ಮೊಮ್ಮೆ ಮಾಲೀಕರು ಮೊದಲೇ ಎಚ್ಚರಗೊಂಡು, ಗೋಡೆಯಂಚಿನಿಂದ ಇಣುಕಿ, ಹುಡುಗನ ಕೈ ಖಾಲಿಯಿದೆಯೆಂದು ಖಾತರಿ ಮಾಡಿಕೊಂಡು ಹೆಜ್ಜೆಯಿಡುತ್ತಾರೆ. ಆ ಎಚ್ಚರಿಕೆಯೇ ನಗುವಿನ ಅರ್ಧ ಭಾಗ, ಏಕೆಂದರೆ ಹಿಂದಿನ ವಾರಗಳ ಪೆಟ್ಟುಗಳೆಲ್ಲ ಆ ಇಣುಕುನೋಟದಲ್ಲಿ ನೆನಪಾಗಿ ಬರುತ್ತವೆ. ಹಿಂದಿನದನ್ನು ನೋಡದವರಿಗೆ ಅದು ಬರಿಯ ಇಣುಕು.

ಈ ಪೆಟ್ಟುಗಳ ಲೆಕ್ಕ 1977ರ ಅಕಪುಲ್ಕೊ ಕಂತುಗಳಲ್ಲಿ ಬೇರೆಯೇ ರೀತಿಯಲ್ಲಿ ತೀರುತ್ತದೆ. ವಠಾರದವರೆಲ್ಲ ಒಬ್ಬೊಬ್ಬರಾಗಿ ಸಮುದ್ರತೀರಕ್ಕೆ ಹೊರಟುಹೋದ ಮೇಲೆ ಖಾಲಿ ಅಂಗಳದಲ್ಲಿ ಚಾವೊ ಒಬ್ಬನೇ ಉಳಿದಿರುತ್ತಾನೆ. ಅವನನ್ನು ಕರೆದುಕೊಂಡು ಹೋಗುವವರು ಯಾರು ಗೊತ್ತೇ? ಪ್ರತಿ ವಾರ ಪೆಟ್ಟು ತಿಂದ ಅದೇ ಮಾಲೀಕರು. ಬರಿಯ ಈ ಕಂತನ್ನು ನೋಡಿದವರಿಗೆ ಇದೊಂದು ಒಳ್ಳೆಯ ಕೆಲಸವಾಗಿ ಕಾಣಬಹುದು. ನಾಲ್ಕು ವರ್ಷ ಪೆಟ್ಟುಗಳನ್ನು ಎಣಿಸಿದವರಿಗೆ ಗಂಟಲು ಕಟ್ಟುತ್ತದೆ. ಪುನರಾವರ್ತನೆಯ ನಿಜವಾದ ಫಲ ಇದು ಎಂದು ನಾನು ನಂಬಿದ್ದೇನೆ.

ಇನ್ನು 14 ತಿಂಗಳ ಬಾಡಿಗೆ. ರಮೋನ್ ವಾಲ್ದೆಸ್ ಮಾಡಿದ ದೋನ್ ರಮೋನ್ ಹೆಂಡತಿಯನ್ನು ಕಳೆದುಕೊಂಡವರು, ಮಗಳು ಚಿಲಿಂದ್ರಿನಾಳನ್ನು ಒಬ್ಬರೇ ಸಾಕುತ್ತಿರುವವರು, ಖಾಯಂ ಕೆಲಸವಿಲ್ಲದವರು. ಅವರ ಬಾಕಿ ವರ್ಷಗಟ್ಟಲೆ 14 ತಿಂಗಳಲ್ಲಿಯೇ ನಿಂತಿರುತ್ತದೆ; ಅದು ಹದಿನೈದಾಗುವುದೂ ಇಲ್ಲ, ಹದಿಮೂರಕ್ಕೆ ಇಳಿಯುವುದೂ ಇಲ್ಲ. ಬರೆದವರು ಲೆಕ್ಕ ತಪ್ಪಿದರು ಎಂದು ಕೆಲವು ವಿದ್ಯಾರ್ಥಿಗಳು ನನ್ನನ್ನು ಕೇಳಿದ್ದುಂಟು. ತಪ್ಪಿಲ್ಲ. ಸಾಲದಲ್ಲಿರುವ ಮನುಷ್ಯನಿಗೆ ಸಾಲ ಒಂದು ಸಂಖ್ಯೆಯಾಗಿರುವುದಿಲ್ಲ, ಹವಾಮಾನದಂತೆ ಸುತ್ತಲೂ ಇರುತ್ತದೆ ಎಂಬುದನ್ನು ಇದಕ್ಕಿಂತ ಚೊಕ್ಕವಾಗಿ ಹೇಳುವುದು ಕಷ್ಟ. ನೀವು ಗಮನಿಸಬೇಕಾದದ್ದು ಆ ಸಂಖ್ಯೆಯನ್ನಲ್ಲ, ಮಾಲೀಕರು ‘ಬಾಡಿಗೆ’ ಎಂಬ ಮಾತೆತ್ತಿದೊಡನೆ ದೋನ್ ರಮೋನ್‌ರ ತೆಳ್ಳನೆಯ ದೇಹ ಹೇಗೆ ಬಾಗಿಲಿನ ಕಡೆಗೆ ಬಾಗುತ್ತದೆ ಎಂಬುದನ್ನು. ವಾಲ್ದೆಸ್ ಅವರ ದೇಹವೇ ಒಂದು ಶಬ್ದಕೋಶ.

ನೀವು ಹೇಳಿದ ಕಪಾಳಮೋಕ್ಷ ಒಂಟಿ ಪೆಟ್ಟಲ್ಲ, ಅದೊಂದು ಸರಪಳಿ. ಕಾರ್ಲೊಸ್ ವಿಯಾಗ್ರಾನ್ ಮಾಡಿದ ಕೀಕೊ ಎಂಬ ಹುಡುಗ, ನಾವಿಕರ ಉಡುಪು ತೊಟ್ಟ, ಕೆನ್ನೆ ಉಬ್ಬಿದ ಹುಡುಗ, ಯಾವುದೋ ಕಾರಣಕ್ಕೆ ಅಳುತ್ತಾನೆ. ಆ ಕಾರಣ ಬಹುಪಾಲು ಚಾವೊನೇ. ಕೂದಲಿಗೆ ಸುರುಳಿ ಸುತ್ತಿಕೊಂಡ ತಾಯಿ ದೋನ್ಯಾ ಫ್ಲೋರಿಂದಾ ಬಾಗಿಲು ತೆರೆದು ಬಂದವರೇ, ಒಂದು ಮಾತೂ ಕೇಳದೆ, ಅಲ್ಲಿ ನಿಂತಿರುವ ದೋನ್ ರಮೋನ್‌ಗೆ ಬಾರಿಸುತ್ತಾರೆ. ‘ಬಾ ಬಂಗಾರ, ಈ ಕೀಳುಜನರ ಜೊತೆ ಸೇರಬೇಡ’ ಎಂದು ಮಗನನ್ನು ಕರೆಯುತ್ತಾರೆ. ಮಗ ‘ಚುಸ್ಮಾ, ಚುಸ್ಮಾ’, ಅಂದರೆ ‘ಕೀಳುಜನ, ಕೀಳುಜನ’ ಎನ್ನುತ್ತಾ ದೋನ್ ರಮೋನ್‌ರ ಎದೆಗೆ ಕೈ ಒತ್ತಿ, ತುಟಿಯಲ್ಲಿ ಪುರ್ರೆಂದು ಸದ್ದು ಮಾಡಿ ಒಳಗೆ ಓಡುತ್ತಾನೆ. ಹೋಗುವ ಮುಂಚೆ ತಾಯಿ, ‘ಇನ್ನೊಂದು ಸಲ ಇಂಥದ್ದನ್ನು ನಿಮ್ಮ ಅಜ್ಜಿಗೆ ಮಾಡಿ’ ಎಂಬ ಧಾಟಿಯಲ್ಲಿ ಒಂದು ಮಾತು ಎಸೆದಿರುತ್ತಾರೆ. ದೋನ್ ರಮೋನ್ ಟೋಪಿ ತೆಗೆದು ನೆಲಕ್ಕೆ ಬಿಸುಟು ಅದನ್ನು ತುಳಿಯುತ್ತಾರೆ. ಇಲ್ಲಿಗೆ ಮುಗಿಯಿತು ಎನ್ನುವಾಗ ಚಾವೊ ಹತ್ತಿರ ಬಂದು, ನಿಜವಾದ ಆಸಕ್ತಿಯಿಂದ, ಅವರ ಅಜ್ಜಿಯ ಬಗ್ಗೆ ಒಂದು ಪ್ರಶ್ನೆ ಕೇಳುತ್ತಾನೆ. ಅವನ ತಲೆಗೆ ಒಂದು ಮೊಟಕು. ಅವನು ‘ಪಿ ಪಿ ಪಿ ಪಿ’ ಎಂದು ಅಳುತ್ತಾ ಅಂಗಳದಲ್ಲಿರುವ ಪೀಪಾಯಿಯೊಳಗೆ ಇಳಿಯುತ್ತಾನೆ. ‘ಇನ್ನೊಂದು ಕೊಡದಿರುವುದಕ್ಕೆ ಕಾರಣ ಇಷ್ಟೇ...’ ಎಂದು ಶುರುಮಾಡುವ ದೋನ್ ರಮೋನ್‌ರ ಮಾತಿನ ಕೊನೆಗೆ ಮತ್ತೆ ಆ ಅಜ್ಜಿಯೇ ಬರುತ್ತಾರೆ.

ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಂಡರು ಎನ್ನುತ್ತೇವಲ್ಲ, ಆ ಗಾದೆ ಇಲ್ಲಿ ನಾಲ್ಕು ಮೆಟ್ಟಿಲುಗಳಾಗಿ ನಿಂತಿದೆ. ಕೋಪ ಮೇಲಿಂದ ಕೆಳಗೆ ಜಾರುತ್ತಾ ಹೋಗಿ ಅತಿ ಚಿಕ್ಕವನ ತಲೆಯ ಮೇಲೆ ನಿಲ್ಲುತ್ತದೆ. ದೋನ್ಯಾ ಫ್ಲೋರಿಂದಾ ಇರುವುದೂ ಅದೇ ವಠಾರದ ಬಾಡಿಗೆ ಮನೆಯಲ್ಲಿ, ಆದರೂ ತಾನು ಒಂದು ಮೆಟ್ಟಿಲು ಮೇಲೆ ಎಂದು ನಂಬಿದ್ದಾರೆ; ‘ಚುಸ್ಮಾ’ ಎಂಬ ಮಾತಿನ ಕಚ್ಚು ಇರುವುದು ಅಲ್ಲಿಯೇ. ಸರಪಳಿಯ ಪ್ರತಿ ಕೊಂಡಿಯೂ ಪ್ರೇಕ್ಷಕರಿಗೆ ಕಂಠಪಾಠವಾಗಿರುವುದರಿಂದ ಅವರು ಬದಲಾಗುವ ಒಂದೇ ಒಂದು ಭಾಗಕ್ಕೆ ಕಿವಿಗೊಟ್ಟು ಕೂತಿರುತ್ತಾರೆ: ಈ ವಾರ ಅಜ್ಜಿಯ ಬಗ್ಗೆ ಹುಡುಗ ಏನು ಕೇಳುತ್ತಾನೆ? ಮುಂದಿನ ಸಲ ನೋಡುವಾಗ ನೀವೂ ಪೆಟ್ಟನ್ನು ಬಿಟ್ಟು ಆ ಪ್ರಶ್ನೆಗೆ ಕಾಯಿರಿ. ನಗು ಬರುವ ಜಾಗ ಅದು.

ಹೂಗುಚ್ಛದ ದೃಶ್ಯದಲ್ಲಿ ಬದಲಾಗುವ ಭಾಗವೇ ಇಲ್ಲ, ಅದು ಪೂರ್ತಿ ಮಂತ್ರ. ಆರಡಿ ಮೀರಿದ ರುಬೆನ್ ಅಗಿರ್ರೆ ಮಾಡಿದ ಶಾಲಾಮಾಸ್ತರ ಹೆಸರು ಹಿರಾಫಾಲೆಸ್, ಜಿರಾಫೆಗೆ ಸ್ಪ್ಯಾನಿಷಿನ ‘ಹಿರಾಫಾ’ದಿಂದ ಬಂದದ್ದು. ಅವರು ಬಾಗಿಲಲ್ಲಿ ಕಾಣಿಸಿಕೊಂಡೊಡನೆ ಅದುವರೆಗೆ ಬೆಂಕಿಯಾಗಿದ್ದ ದೋನ್ಯಾ ಫ್ಲೋರಿಂದಾ ಮೇಣವಾಗುತ್ತಾರೆ, ಹಿನ್ನೆಲೆಯಲ್ಲಿ ಹಾಲಿವುಡ್ ಪ್ರಣಯಸಂಗೀತ ಏಳುತ್ತದೆ. ‘ಪ್ರೊಫೆಸರ್ ಹಿರಾಫಾಲೆಸ್!’ ‘ದೋನ್ಯಾ ಫ್ಲೋರಿಂದಾ!’ ‘ತಾವು ಇತ್ತ ದಯಮಾಡಿಸಿದ್ದು ಎಂಥ ಸೋಜಿಗ!’ ‘ಈ ಬಡ ಕಾಣಿಕೆಯನ್ನು ತಮಗೆ ತಲುಪಿಸಲು ಬಂದೆ.’ ‘ಒಳಗೆ ಬಂದು ಒಂದು ಕಪ್ ಕಾಫಿ ತೆಗೆದುಕೊಳ್ಳಬಾರದೇ?’ ‘ತಮಗೆ ತೊಂದರೆಯಾಗುವುದಿಲ್ಲ ತಾನೇ?’ ‘ಖಂಡಿತ ಇಲ್ಲ, ಬನ್ನಿ.’ ‘ತಾವು ಮೊದಲು.’ ಇದನ್ನು ನಾನು ಬೇಕೆಂದೇ ‘ತಾವು’ ಹಾಕಿ ಕನ್ನಡಿಸಿದ್ದೇನೆ. ವರ್ಷಗಟ್ಟಲೆ ಪ್ರೀತಿಸಿದ ಇವರಿಬ್ಬರೂ ‘ನೀನು’ ಎಂಬರ್ಥದ ‘ತೂ’ಗೆ ಇಳಿಯದೆ ಗೌರವದ ‘ಉಸ್ತೆದ್’ನಲ್ಲಿಯೇ ನಿಂತಿರುವುದರಲ್ಲಿ ಈ ಪ್ರೇಮದ ಗತಿಯೆಲ್ಲ ಅಡಗಿದೆ. ಕನ್ನಡಿಗರಾದ ನಿಮಗೆ ಇದು ಬೇಗ ಹಿಡಿಸಬೇಕು, ಏಕೆಂದರೆ ಏಕವಚನಕ್ಕೂ ಬಹುವಚನಕ್ಕೂ ನಡುವಿನ ದೂರ ಎಷ್ಟೆಂಬುದು ನಮಗೆ ಚಿಕ್ಕಂದಿನಿಂದಲೇ ಗೊತ್ತು. ಎಷ್ಟೋ ಸಲ ಈ ಮಂತ್ರದ ನಡುವೆ ಮಕ್ಕಳು ಬಾಯಿ ಹಾಕುತ್ತಾರೆ, ಅಥವಾ ಪಕ್ಕದಲ್ಲಿ ನಿಂತವರು ಮುಂದಿನ ಮಾತನ್ನು ತಾವೇ ಮೊದಲು ಹೇಳಿಬಿಡುತ್ತಾರೆ. ವಠಾರದವರಿಗೂ ಅದು ಬಾಯಿಪಾಠವಾಗಿದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ‘ಸಿನ್ ಕೆರೆರ್’ ಎಂಬುದು ದಿನಬಳಕೆಯ ನುಡಿ: ‘ಬೇಕೆಂದು ಮಾಡಿದ್ದಲ್ಲ’ ಎಂದರ್ಥ. ‘ಕೆರಿಯೆಂದೊ’ ಅದೇ ಕ್ರಿಯಾಪದದ ಇನ್ನೊಂದು ರೂಪ: ‘ಬಯಸುತ್ತಾ’. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಹುಡುಗ ತನ್ನ ತಪ್ಪನ್ನು ಅಲ್ಲಗಳೆಯುತ್ತಲೇ ಒಪ್ಪಿಕೊಳ್ಳುತ್ತಾನೆ, ಮತ್ತು ತಾನು ಒಪ್ಪಿಕೊಂಡದ್ದು ಅವನಿಗೇ ತಿಳಿದಿರುವುದಿಲ್ಲ. ನಾನು ತರಗತಿಯಲ್ಲಿ ಹೇಳುವ ಕನ್ನಡ ಇದು: ‘ಬೇಕಂತ ಅಲ್ಲ, ಬೇಕಂತಲೇ ಆಗ್ಹೋಯ್ತು.’ ‘ಮಾಡಿದೆ’ ಎನ್ನದೆ ‘ಆಗ್ಹೋಯ್ತು’ ಎಂದಿರುವುದನ್ನು ಗಮನಿಸಿ. ಲೋಟ ಒಡೆದ ಮಗು ‘ಒಡೆದೆ’ ಎನ್ನುವುದಿಲ್ಲ, ‘ಒಡೆದ್ಹೋಯ್ತು’ ಎನ್ನುತ್ತದೆ. ಸ್ಪ್ಯಾನಿಷ್ ಮಗುವೂ ‘ಸೆ ಮೆ ಕಯೊ’, ಅಂದರೆ ‘ನನ್ನ ಕೈಯಿಂದ ಅದೇ ಬಿತ್ತು’ ಎನ್ನುತ್ತದೆ. ತಪ್ಪನ್ನು ಕರ್ತೃವಿನಿಂದ ಬಿಡಿಸಿ ವಸ್ತುವಿನ ಮೇಲೆ ಹಾಕುವ ಈ ವ್ಯಾಕರಣ ಎರಡು ಭಾಷೆಗಳಲ್ಲೂ ಇರುವುದರಿಂದ ಈ ಹಾಸ್ಯ ಕನ್ನಡಕ್ಕೆ ಸಲೀಸಾಗಿ ಬರುತ್ತದೆ. ಬಾಯಿ ತಪ್ಪಿ ಏನಾದರೂ ಆಡಿದಾಗ ಚಾವೊ ಹೇಳುವ ‘ಸೆ ಮೆ ಚಿಸ್ಪೊತೆಯೊ’ ಕೂಡ ಇದೇ ಅಚ್ಚಿನದು, ಆದರೆ ಅಲ್ಲಿನ ಕ್ರಿಯಾಪದ ಲೇಖಕರ ಸ್ವಂತ ಸೃಷ್ಟಿ. ‘ಚಿಸ್ಪಾ’ ಎಂದರೆ ಕಿಡಿ. ‘ಬಾಯಿಂದ ಚಟಕ್ಕಂತ ಸಿಡಿದ್ಹೋಯ್ತು’ ಎಂದರೆ ಹತ್ತಿರ ಬರುತ್ತದೆ. ‘ಸಿನ್ ಕೆರೆರ್ ಕೆರಿಯೆಂದೊ’ವನ್ನೇ ಗೊಮೆಸ್ ಬೊಲಾನ್ಯೊಸ್ ತಮ್ಮ ಆತ್ಮಕಥೆಗೆ ಶೀರ್ಷಿಕೆಯಾಗಿಟ್ಟರು. ಬ್ರೆಜಿಲ್‌ನಲ್ಲಿ 1984ರಿಂದ ‘ಶಾವೆಸ್’ ಎಂಬ ಹೆಸರಿನಲ್ಲಿ ಪೋರ್ಚುಗೀಸಿಗೆ ಡಬ್ ಆಗಿ ಬಂದ ಈ ಕಾರ್ಯಕ್ರಮದಲ್ಲಿ ಆ ಮಾತು ಹೆಚ್ಚುಕಡಿಮೆ ಹಾಗೆಯೇ ಉಳಿದು, ಅಲ್ಲಿಯೂ ಜನರ ನಾಲಗೆಯ ಮೇಲಿದೆ.

ಮಾತಿನ ಆಟಗಳಲ್ಲಿ ಇನ್ನೆರಡು. ಚಾವೊ ಅನೇಕ ಸಲ ‘ದೋನ್ ರಮೋನ್’ ಎನ್ನುವ ಬದಲು ‘ರೋನ್ ದಮೋನ್’ ಎನ್ನುತ್ತಾನೆ. ‘ರೋನ್’ ಎಂದರೆ ರಮ್ ಮದ್ಯ, ಗೌರವಸೂಚಕವಾದ ‘ದೋನ್’ ಹೀಗೆ ಒಂದೇ ಅಕ್ಷರದ ಪಲ್ಲಟದಿಂದ ಬಾಟಲಿಯಾಗುತ್ತದೆ. ಅದೇ ಲೇಖಕರ ಇನ್ನೊಂದು ಪಾತ್ರವಾದ ‘ಎಲ್ ಚಾಪುಲೀನ್ ಕೊಲೊರಾದೊ’, ಅಂದರೆ ಕೆಂಪು ಮಿಡತೆ ಎಂಬ ಪುಕ್ಕಲು ವೀರ, ‘ನೊ ಕುಂದಾ ಎಲ್ ಪಾನಿಕೊ’ (ದಿಗಿಲು ಹಬ್ಬದಿರಲಿ) ಎನ್ನಲು ಹೋಗಿ ‘ನೊ ಪಾಂದಾ ಎಲ್ ಕೂನಿಕೊ’ ಎನ್ನುತ್ತಾನೆ. ‘ಹೆದರಿಕೆ ಬೇಡ’ ಎನ್ನಲು ಹೋಗಿ ‘ಬೆದರಿಕೆ ಹೇಡ’ ಎಂದಂತೆ. ಎರಡು ಗಾದೆಗಳನ್ನು ಕಲಸಿ ಹೇಳುವುದೂ ಅವನ ಅಭ್ಯಾಸ. ‘ಕೈ ಕೆಸರಾದರೆ ಮೊಳಕೆಯಲ್ಲಿ, ಬೆಳೆಯುವ ಸಿರಿ ಬಾಯಿ ಮೊಸರು’ ಎಂದು ಗಂಭೀರ ಮುಖದಿಂದ ಯಾರಾದರೂ ಹೇಳಿದರೆ ಹೇಗಿರುತ್ತದೋ ಹಾಗೆ. ಇವು ಸೊಗಸಾಗಿವೆ, ಆದರೆ ವಠಾರದ ಹಾಸ್ಯದ ಆಳ ಇವಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಭಾಷೆ ಬಲ್ಲವರಿಗೂ ತಪ್ಪಿಹೋಗುವ ಒಂದು ಹಾಸ್ಯವಿದೆ. ದೋನ್ ರಮೋನ್ ಆಗಾಗ ‘ಯೊ ಲೆ ವೊಯ್ ಅಲ್ ನೆಕಾಕ್ಸಾ’ ಎನ್ನುತ್ತಾರೆ: ‘ನಾನು ನೆಕಾಕ್ಸಾ ತಂಡದ ಕಡೆಯವನು.’ ನೆಕಾಕ್ಸಾ ಮೆಕ್ಸಿಕೊದ ಹಳೆಯ ಫುಟ್‌ಬಾಲ್ ತಂಡ. ಅದು 1971ರಲ್ಲಿ ಮಾರಾಟವಾಗಿ ‘ಅತ್ಲೆತಿಕೊ ಎಸ್ಪಾನ್ಯೋಲ್’ ಎಂಬ ಹೆಸರು ತಳೆಯಿತು, 1982ರಲ್ಲಷ್ಟೇ ಹಳೆಯ ಹೆಸರಿಗೆ ಮರಳಿತು. ಅಂದರೆ ಕಾರ್ಯಕ್ರಮ ಉತ್ತುಂಗದಲ್ಲಿದ್ದ ವರ್ಷಗಳಲ್ಲಿ ದೋನ್ ರಮೋನ್ ಬೆಂಬಲಿಸುತ್ತಿದ್ದ ತಂಡ ಆ ಹೆಸರಿನಲ್ಲಿ ಮೈದಾನದಲ್ಲಿಯೇ ಇರಲಿಲ್ಲ. ಕೆಲಸವಿಲ್ಲದ, ಬಾಡಿಗೆ ಕಟ್ಟಲಾಗದ ಮನುಷ್ಯ ಇಲ್ಲದ ತಂಡಕ್ಕೆ ನಿಷ್ಠನಾಗಿದ್ದಾನೆ.

ಎಲ್ಲ ಪಲ್ಲವಿಗಳೂ ಸಮಾನವಾಗಿ ಬಾಳಿವೆ ಎಂದು ನಾನು ಹೇಳಲಾರೆ. ಸ್ಪೇನ್‌ನಲ್ಲಿ ಹುಟ್ಟಿದ ಆನ್ಹೆಲೀನೆಸ್ ಫೆರ್ನಾಂದೆಸ್ ಮಾಡಿದ ದೋನ್ಯಾ ಕ್ಲೊತಿಲ್ದೆ ಮದುವೆಯಾಗದ, ವಯಸ್ಸಾದ ಹೆಂಗಸು ಎಂಬ ಒಂದೇ ಕಾರಣಕ್ಕೆ ಮಕ್ಕಳ ಬಾಯಲ್ಲಿ ‘71ರ ಮಾಟಗಾತಿ’ (71 ಅವರ ಮನೆಯ ಸಂಖ್ಯೆ) ಆಗಿದ್ದಾರೆ. ಮಾಲೀಕರ ಹೊಟ್ಟೆಯ ಬಗೆಗಿನ ಮಾತುಗಳೂ ಒಂದು ಹಂತದ ನಂತರ ಬರಿಯ ಅವಹೇಳನವಾಗುತ್ತವೆ. ಮಗುವಿನ ತಲೆಗೆ ಮೊಟಕುವುದನ್ನು ಇಂದಿನ ಪೋಷಕರು ನಗುತ್ತಾ ನೋಡಲಾರರು; ಚಾವೊ ಮಾಡುತ್ತಿದ್ದವರು ನಲವತ್ತು ದಾಟಿದ್ದವರು ಎಂಬುದು ಆ ಪೆಟ್ಟಿನ ನೋವನ್ನು ಕಣ್ಣಿಗೆ ಸ್ವಲ್ಪ ತಗ್ಗಿಸುತ್ತದೆ ಅಷ್ಟೇ. ಇವುಗಳಿಗೆ ನಿಮಗೆ ನಗು ಬರದಿದ್ದರೆ ಅದನ್ನು ಕಲಿಕೆಯ ಕೊರತೆಯೆಂದು ತಿಳಿಯಬೇಕಾಗಿಲ್ಲ.

ನೀವು ಮುಂದೆ ನೋಡಬೇಕಾದ ಕಂತನ್ನು ಸೂಚಿಸಿ ಮುಗಿಸುತ್ತೇನೆ. ಅದು ವಠಾರದಲ್ಲಿ ಕಳ್ಳತನವಾಗುವ ಕಂತು. ಗೊಮೆಸ್ ಬೊಲಾನ್ಯೊಸ್ ಒಂದೇ ಕಥೆಯನ್ನು ವರ್ಷಗಳ ಅಂತರದಲ್ಲಿ ಮತ್ತೆ ಚಿತ್ರಿಸುತ್ತಿದ್ದುದರಿಂದ ಇದರದೂ ಒಂದಕ್ಕಿಂತ ಹೆಚ್ಚು ರೂಪಗಳು ಸಿಗುತ್ತವೆ. ವಸ್ತುಗಳು ಒಂದೊಂದಾಗಿ ಕಾಣೆಯಾದಾಗ ಎಲ್ಲರ ಕಣ್ಣು ಚಾವೊನ ಮೇಲೆ ಬೀಳುತ್ತದೆ, ‘ರತೇರೊ, ರತೇರೊ’ (ಕಳ್ಳ, ಕಳ್ಳ) ಎಂಬ ಕೂಗು ಅವನನ್ನು ಸುತ್ತುವರಿಯುತ್ತದೆ, ಅವನು ತನ್ನ ಬಟ್ಟೆಯ ಗಂಟನ್ನು ಕೋಲಿಗೆ ಕಟ್ಟಿಕೊಂಡು ವಠಾರ ಬಿಟ್ಟು ಹೊರಡುತ್ತಾನೆ. ಪ್ರತಿ ವಾರ ನಗು ತರಿಸಿದ ‘ಇವನೇ ಆಗಿರಬೇಕಿತ್ತು’ ಎಂಬ ಮಾತು ಇಲ್ಲಿ ನಿಜವಾದ ಆರೋಪವಾಗಿ ಕುಳಿತಿದೆ. ಅದಕ್ಕೆ ನಾವೂ ನಕ್ಕವರು, ಆದ್ದರಿಂದ ಆ ಗುಂಪಿನಲ್ಲಿ ನಾವೂ ಇದ್ದೇವೆ. ನಿಜವಾದ ಕಳ್ಳ ಅಲ್ಲೇ ಬಾಡಿಗೆಗಿರುವ ಸೆನ್ಯೋರ್ ಉರ್ತಾದೊ. ಸ್ಪ್ಯಾನಿಷ್ ಬಲ್ಲ ನಿಮಗೆ ಆ ಹೆಸರೇ ಸುಳಿವು ಕೊಡುತ್ತದೆ, ‘ಉರ್ತಾದೊ’ ಎಂದರೆ ಕದ್ದದ್ದು. ಹಿಂದಿರುಗಿ ಬಂದ ಚಾವೊ, ಕಳ್ಳ ಸಿಕ್ಕಿಬೀಳಲಿ ಎಂದು ತಾನು ಪ್ರಾರ್ಥಿಸಲಿಲ್ಲ, ಅವನು ಒಳ್ಳೆಯವನಾಗಲಿ ಎಂದು ಪ್ರಾರ್ಥಿಸಿದೆ ಎನ್ನುತ್ತಾನೆ. ಉರ್ತಾದೊ ಅದನ್ನು ಕೇಳಿಸಿಕೊಳ್ಳುತ್ತಾನೆ. ಆ ಕಂತನ್ನು ನೋಡಿದ ಮೇಲೆ, ಚಾವೊ ಸದಾ ಕನಸು ಕಾಣುವ ಹ್ಯಾಮ್ ‘ತೋರ್ತಾ’, ಅಂದರೆ ಮಾಂಸ ತುಂಬಿದ ಮೆಕ್ಸಿಕನ್ ಬ್ರೆಡ್, ಯಾರದೋ ಕೈಯಲ್ಲಿ ಕಂಡಾಗ ಅವನ ಕಣ್ಣು ಅರಳುವ ಯಾವುದೇ ಹಳೆಯ ಕಂತಿಗೆ ಮರಳಿ ಹೋಗಿ.